ಚಳಿಗಾಲದ ಅತಿಥಿಗಳು ಮತ್ತು ಒಂದು ನೋಟ್‌ಬುಕ್

(ಸಂಘದ ವಾರ್ಷಿಕ ಸಮಾವೇಶದಲ್ಲಿ ಯಡಿಯೂರಿನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



 

ಇಂಥ ವೇದಿಕೆಯ ಮೇಲೆ ಸಾಮಾನ್ಯವಾಗಿ ಪರೀಕ್ಷೆ, ವಿದ್ಯಾರ್ಥಿವೇತನ, ಉದ್ಯೋಗ ಇವುಗಳ ಮಾತು ಬರುತ್ತದೆ. ಅವು ಖಂಡಿತ ಬೇಕು. ಆದರೆ ಈ ಸಲ ಕಾರ್ಯದರ್ಶಿಗಳು ‘ನಿಮಗೆ ಇಷ್ಟವಾದ ವಿಷಯ ಮಾತಾಡಿ ಮಾಸ್ತರೇ’ ಎಂದು ಸ್ವಾತಂತ್ರ್ಯ ಕೊಟ್ಟಿದ್ದಾರೆ. ಅದನ್ನು ದುರುಪಯೋಗ ಮಾಡಿಕೊಂಡು ನಾನು ಹಕ್ಕಿಗಳ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ, ಕರಾವಳಿಯ ಜೌಗಿಗೆ ಬರುವ ಹಕ್ಕಿಗಳ ಬಗ್ಗೆ. ಕೊನೆಯಲ್ಲಿ ನನ್ನ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದಿದೆ.

ನಾವು ಕುಳಿತಿರುವ ಈ ಸಭಾಂಗಣದಿಂದ ಹತ್ತು ನಿಮಿಷ ನಡೆದರೆ ಯಡಿಯೂರು ಕೆರೆ. ನಿಮ್ಮಲ್ಲಿ ಅನೇಕರು ಅದರ ಪಕ್ಕದಲ್ಲೇ ದಿನವೂ ಶಾಲೆಗೆ, ಕಾಲೇಜಿಗೆ ಹೋಗುತ್ತೀರಿ. ಬೆಳಿಗ್ಗೆ ಅಲ್ಲಿ ನೂರಾರು ಜನ ವಾಕಿಂಗ್ ಮಾಡುತ್ತಾರೆ. ಕೆರೆಯಲ್ಲಿ ಯಾವ ಹಕ್ಕಿ ಇದೆ ಎಂದು ಕೇಳಿದರೆ ಹೆಚ್ಚಿನವರು ‘ಬಾತುಕೋಳಿ, ಕೊಕ್ಕರೆ’ ಎಂದು ಎರಡೇ ಹೆಸರು ಹೇಳುತ್ತಾರೆ. ಕಳೆದ ಜನವರಿಯ ಒಂದು ಭಾನುವಾರ ನಾನು ಅಲ್ಲಿ ಒಂದು ಗಂಟೆ ನಿಂತೆ. ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಗಳು, ಹಣೆಯ ಮೇಲೆ ಬಿಳಿ ನಾಮ ಇಟ್ಟಂತಿರುವ ನಾಮದ ಕೋಳಿ, ಮುಳುಗಿ ಮತ್ತೆಲ್ಲೋ ಏಳುವ ಗುಳುಮುಳುಕ, ಕೊಳದ ಬಕ, ಬೆಳ್ಳಕ್ಕಿ, ಮಿಂಚುಳ್ಳಿ ಇವೆಲ್ಲ ಕಂಡವು. ಜೊತೆಗೆ ಕಲ್ಲಿನ ಅಂಚಿನ ಮೇಲೆ ಬಾಲ ಕುಣಿಸುತ್ತಾ ಓಡಾಡುತ್ತಿದ್ದ ಒಂದು ಸಣ್ಣ ಹಕ್ಕಿ. ಬೆನ್ನು ಬೂದು, ಹೊಟ್ಟೆಯ ಕೆಳಗೆ ಹಳದಿ. ಅದರ ಹೆಸರು ಬೂದು ಸಿಪಿಲೆ. ಉಳಿದವು ವರ್ಷವಿಡೀ ಇಲ್ಲಿಯವೇ. ಈ ಸಿಪಿಲೆ ಮಾತ್ರ ಹಿಮಾಲಯದ ಕಡೆಯಿಂದಲೋ ಅದರಾಚೆಯಿಂದಲೋ ಹಾರಿ ಬಂದ ಅತಿಥಿ. ಇಪ್ಪತ್ತು ಗ್ರಾಂ ತೂಗದ ಆ ಜೀವದ ಪಕ್ಕದಲ್ಲೇ ಜನ ಮೊಬೈಲ್ ನೋಡುತ್ತಾ ನಡೆದು ಹೋದರು.

ಅವು ಏಕೆ ಬರುತ್ತವೆ?

ಚಳಿ ತಾಳಲಾರದೆ ಬರುತ್ತವೆ ಎಂದು ನಾವು ಹೇಳುತ್ತೇವೆ. ಅದು ಅರ್ಧ ಸತ್ಯ. ಗರಿಗಳ ಹೊದಿಕೆ ಇರುವ ಹಕ್ಕಿಗೆ ಚಳಿಗಿಂತ ಹಸಿವು ದೊಡ್ಡ ಶತ್ರು. ಸೈಬೀರಿಯಾ, ಮಂಗೋಲಿಯಾ, ಟಿಬೆಟ್‌ಗಳಲ್ಲಿ ಚಳಿಗಾಲ ಬಂದರೆ ನೀರು ಹೆಪ್ಪುಗಟ್ಟುತ್ತದೆ, ಕೆಸರು ಕಲ್ಲಾಗುತ್ತದೆ, ಹುಳುಗಳು ಸಿಗುವುದಿಲ್ಲ. ಹಗಲೂ ಚಿಕ್ಕದಾಗುವುದರಿಂದ ಆಹಾರ ಹುಡುಕಲು ಸಮಯವೂ ಇಲ್ಲ. ಅದೇ ಹೊತ್ತಿಗೆ ನಮ್ಮಲ್ಲಿ ಮಳೆ ಮುಗಿದು ಕೆರೆಗಳು ತುಂಬಿರುತ್ತವೆ. ಆದ್ದರಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಅವು ದಕ್ಷಿಣಕ್ಕೆ ಬಂದು ಮಾರ್ಚ್, ಏಪ್ರಿಲ್ ಹೊತ್ತಿಗೆ ಮರಿ ಮಾಡಲು ಉತ್ತರಕ್ಕೆ ಮರಳುತ್ತವೆ.

ಇವುಗಳಲ್ಲಿ ಪಟ್ಟೆತಲೆ ಹೆಬ್ಬಾತಿನ ಕಥೆ ಕೇಳಿ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟುವಾಗ ಇದು 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ಉಪಕರಣ ಕಟ್ಟಿ ದಾಖಲಿಸಿದ್ದಾರೆ. ಅಲ್ಲಿ ಗಾಳಿ ಎಷ್ಟು ತೆಳು ಎಂದರೆ ನಮ್ಮಂಥವರು ನಾಲ್ಕು ಹೆಜ್ಜೆಗೆ ಕುಸಿದು ಕೂರುತ್ತೇವೆ. ಇದರ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ವಿಶೇಷ ಗುಣವಿದೆ. ಈ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. ಕೆರೆ ಇರುವುದು 54 ಹೆಕ್ಟೇರ್ ಮಾತ್ರ. ಸುತ್ತಲ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ವಿಶ್ರಮಿಸುತ್ತವೆ. ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕಂಡಿವೆ. ಪಟ್ಟಿಯ ಮೇಲಿನ ಅಕ್ಷರವನ್ನು ದುರ್ಬೀನಿನಲ್ಲಿ ಓದಿ ಬರೆದುಕೊಂಡವರಿಂದಲೇ ಆ ಹಕ್ಕಿ ಎಲ್ಲಿಂದ ಬಂತು ಎಂಬುದು ತಿಳಿದದ್ದು. ಬರೆದುಕೊಂಡವರಿಂದ ಎಂಬ ಮಾತನ್ನು ದಯವಿಟ್ಟು ನೆನಪಿಡಿ.

ಕರಾವಳಿಯ ಕೆಸರು

ನಮ್ಮಲ್ಲಿ ಅನೇಕರ ಬಂಧುಗಳು ಭಟ್ಕಳ, ಹೊನ್ನಾವರ, ಕುಮಟಾ, ಮಂಗಳೂರಿನ ಕಡೆ ಇದ್ದಾರೆ. ರಜೆಯಲ್ಲಿ ಹೋದಾಗ ಬೀಚ್ ನೋಡಿ ಬರುತ್ತೀರಿ. ಮುಂದಿನ ಸಲ ಡಿಸೆಂಬರ್, ಜನವರಿಯಲ್ಲಿ ಹೋದರೆ ಬೀಚಿನ ಜೊತೆಗೆ ಕುಮಟಾದ ಬಳಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯನ್ನೂ ನೋಡಿ ಬನ್ನಿ. ಆ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಎಲ್ಲ ಕೆಸರಿಗಿಳಿದು ಚಿಪ್ಪುಜೀವಿ ಆರಿಸುತ್ತಾರೆ. ಅದೇ ಕೆಸರಿನಲ್ಲಿ ಹಕ್ಕಿಗಳೂ ಆರಿಸುತ್ತವೆ.

ಹಕ್ಕಿಗಳ ಕೊಕ್ಕನ್ನು ಗಮನಿಸಿ. ಮೋಟು ಕೊಕ್ಕಿನ ಪುಟ್ಟ ಹಕ್ಕಿಗಳು ಕೆಸರಿನ ಮೇಲ್ಮೈಯಲ್ಲಿ ಓಡಿ, ನಿಂತು, ಕಂಡದ್ದನ್ನು ಹೆಕ್ಕುತ್ತವೆ. ಮಧ್ಯಮ ಕೊಕ್ಕಿನ ಗೊರವಗಳು ಒಂದೆರಡು ಅಂಗುಲ ಆಳಕ್ಕೆ ಚುಚ್ಚುತ್ತವೆ. ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕಿನ ಕರ್ಲೂ ಎಂಬ ದೊಡ್ಡ ಹಕ್ಕಿ ಆಳದ ಬಿಲದಿಂದ ಏಡಿ, ಹುಳುಗಳನ್ನು ಎಳೆದು ತೆಗೆಯುತ್ತದೆ. ಒಂದೇ ದಸ್ತರ್‌ಖಾನ್, ಆದರೆ ಒಬ್ಬರ ತಟ್ಟೆಗೆ ಇನ್ನೊಬ್ಬರ ಕೈ ಹೋಗುವುದಿಲ್ಲ. ಒಂದು ಕಿವಿಮಾತು: ಪೂರ್ತಿ ಇಳಿತದ ಹೊತ್ತಿಗೆ ಹೋದರೆ ಹಕ್ಕಿಗಳು ದೂರದಲ್ಲಿ ಚುಕ್ಕೆಗಳಂತೆ ಕಾಣುತ್ತವೆ. ಭರತ ಏರುತ್ತಿರುವಾಗ ಹೋಗಿ ದಡದಲ್ಲಿ ಸುಮ್ಮನೆ ಕುಳಿತರೆ ನೀರೇ ಅವುಗಳನ್ನು ನಿಮ್ಮ ಹತ್ತಿರಕ್ಕೆ ತಳ್ಳಿಕೊಂಡು ಬರುತ್ತದೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆ ಮತ್ತು ಅಂಕಸಮುದ್ರ ಈ ಮೂರೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳಾದವು. ಅದಕ್ಕೂ ಮೊದಲು, 2022ರಲ್ಲಿ, ರಂಗನತಿಟ್ಟು ಆಗಿತ್ತು.

ಕೆರೆಗೆ ಅಂಚು ಬೇಕು

ಈಗ ಮತ್ತೆ ನಮ್ಮ ಬಡಾವಣೆಗೆ ಬರೋಣ. ಯಡಿಯೂರು ಕೆರೆಯಲ್ಲಿ ನಾನು ಆ ದಿನ ಒಂದೂ ಗೊರವವನ್ನು ಕಾಣಲಿಲ್ಲ. ಕಾರಣ ಸರಳ. ಹಿಂದಿನವರು ಕಟ್ಟಿದ ಕೆರೆಗೆ ಒಂದು ಕಡೆ ಮಾತ್ರ ಏರಿ ಇರುತ್ತಿತ್ತು. ಏರಿಯ ಬಳಿ ನೀರು ಆಳ, ಎದುರು ದಿಕ್ಕಿನಲ್ಲಿ ನೆಲ ನಿಧಾನವಾಗಿ ಇಳಿದು ನೀರಿನೊಳಗೆ ಸೇರುತ್ತಿತ್ತು. ಜನವರಿಯಿಂದ ನೀರು ಹಿಂದೆ ಸರಿದಂತೆ ಅಲ್ಲಿ ದಿನ ದಿನವೂ ಹೊಸ ಕೆಸರು ತೆರೆದುಕೊಳ್ಳುತ್ತಿತ್ತು. ಗೊರವಗಳಿಗೆ ಬೇಕಾದದ್ದು ಆ ಕೆಸರು. ಇಂದು ನಗರದ ಕೆರೆಗೆ ಸುತ್ತಲೂ ಏರಿ, ಕಲ್ಲಿನ ಕಟ್ಟಣೆ, ಅದರ ಮೇಲೆ ನಡಿಗೆಯ ದಾರಿ, ವರ್ಷವಿಡೀ ಒಂದೇ ಮಟ್ಟದ ನೀರು. ನೋಡಲು ಚೆಂದ. ಮೀನು ಹಿಡಿಯುವ ನೀರುಕಾಗೆಗೆ ಅದು ಸಾಕು. ಆದರೆ ಕಾಲೂರಿ ತಿನ್ನುವ ಅತಿಥಿಗೆ ಬಟ್ಟಲಿನಂಥ ಕೆರೆಯಲ್ಲಿ ನಿಲ್ಲಲು ಜಾಗವಿಲ್ಲ.

ಇದು ಯಾರನ್ನೂ ದೂರುವ ಮಾತಲ್ಲ. ಕೆರೆ ಕಣ್ಮರೆಯಾಗುವುದಕ್ಕಿಂತ ಬಟ್ಟಲಾಗಿ ಉಳಿದದ್ದು ಎಷ್ಟೋ ಮೇಲು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಬತ್ತಿ ಹೋಗುತ್ತಿದ್ದ ಕೆರೆಯನ್ನು ಉಳಿಸಿದರು. 13 ಎಕರೆಯ ಆ ಸಣ್ಣ ಕೆರೆಯಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಅಂದರೆ ಮನಸ್ಸು ಮಾಡಿದರೆ ನಗರದೊಳಗೂ ಸಾಧ್ಯ.

ನನ್ನ ತಪ್ಪು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಗರದ ದಕ್ಷಿಣ ಭಾಗದ ಇನ್ನೊಂದು ಕೆರೆ. ಹೆಸರು ಬೇಡ. ನಾನು ಪ್ರತಿ ಚಳಿಗಾಲ ಬೈಕಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಕೆಸರಂಚಿನಲ್ಲಿ ಗದ್ದೆಗೊರವಗಳು, ನಡುವೆ ಸೂಜಿಬಾಲದ ಬಾತುಗಳು. ಕಣ್ತುಂಬ ನೋಡಿ, ಟೀ ಕುಡಿದು ಮನೆಗೆ ಬರುತ್ತಿದ್ದೆ. ಒಂದು ದಿನ ಆ ಕೆರೆಯ ದುರಸ್ತಿಯ ಬಗ್ಗೆ ನಿವಾಸಿಗಳ ಸಭೆ ಕರೆದರು. ಕೆಸರಿನ ಭಾಗವನ್ನು ತುಂಬಿ ಉದ್ಯಾನ ಮಾಡುವ ಯೋಜನೆ. ನಾನು ಎದ್ದು ನಿಂತು ‘ಅಲ್ಲಿ ಹಕ್ಕಿಗಳು ಬರುತ್ತವೆ’ ಎಂದೆ. ಒಬ್ಬ ಎಂಜಿನಿಯರು ತುಂಬ ಸೌಜನ್ಯದಿಂದಲೇ ಕೇಳಿದರು: ‘ಯಾವ ಹಕ್ಕಿ ಸಾರ್? ಎಷ್ಟು? ಯಾವ ತಿಂಗಳಿಂದ ಯಾವ ತಿಂಗಳವರೆಗೆ?’

ನನ್ನ ಬಳಿ ಒಂದು ಸಾಲೂ ಬರೆದದ್ದು ಇರಲಿಲ್ಲ. ಹತ್ತು ಚಳಿಗಾಲ ನೋಡಿದ್ದೆ, ಒಂದು ತಾರೀಖು ಹೇಳಲಾಗಲಿಲ್ಲ. ‘ಬಹಳ ಬರುತ್ತವೆ’ ಎಂದೆ. ಸಭೆಯಲ್ಲಿ ಯಾರೋ ನಕ್ಕರು. ಮುಂದಿನ ಚಳಿಗಾಲದ ಹೊತ್ತಿಗೆ ಅಲ್ಲಿ ಹುಲ್ಲುಹಾಸು ಬಂದಿತ್ತು, ಬೆಂಚುಗಳು ಬಂದಿದ್ದವು. ಗೊರವ ಬರಲಿಲ್ಲ. ನಾನು ಬರೆದಿಟ್ಟಿದ್ದರೆ ಆ ಕೆಸರು ಉಳಿಯುತ್ತಿತ್ತೆಂದು ಹೇಳಲಾರೆ. ಆದರೆ ಹಕ್ಕಿಗಳ ಪರವಾಗಿ ಸಾಕ್ಷಿ ಹೇಳಬೇಕಾದವನು ಬರಿಗೈಯಲ್ಲಿ ಹೋಗಿದ್ದೆ ಎಂಬುದು ಇಂದಿಗೂ ಚುಚ್ಚುತ್ತದೆ.

ಚಂದ್ರಮುಕುಟ ಹಕ್ಕಿಯನ್ನು ನಮ್ಮ ಮನೆಗಳಲ್ಲಿ ಹುದ್‌ಹುದ್ ಎನ್ನುತ್ತೇವೆ. ಪ್ರವಾದಿ ಸುಲೈಮಾನರ ಆ ಹುದ್‌ಹುದ್ ಕಥೆ ನಿಮಗೆಲ್ಲ ಗೊತ್ತು. ಅದು ಸಬಾ ನಾಡಿನಿಂದ ತಂದದ್ದು ತಾನು ಕಣ್ಣಾರೆ ಕಂಡ ಖಚಿತ ಸುದ್ದಿ. ಆದರೂ ಸುಲೈಮಾನರು ಒಡನೆಯೇ ನಂಬಲಿಲ್ಲ, ನಿಜವೋ ಸುಳ್ಳೋ ಪರೀಕ್ಷಿಸುವೆ ಎಂದರು. ಕಂಡದ್ದನ್ನು ಖಚಿತವಾಗಿ ಹೇಳುವುದು, ಕೇಳಿದವರು ಅದನ್ನು ಪರಿಶೀಲಿಸುವುದು. ವಿಜ್ಞಾನ ನಡೆಯುವುದೂ ಇದೇ ದಾರಿಯಲ್ಲಿ.

ಬರೆದಿಟ್ಟವರು

ಭಾರತದಲ್ಲಿ ಹಾಗೆ ಬರೆದಿಟ್ಟವರಲ್ಲಿ ದೊಡ್ಡ ಹೆಸರು ಸಲೀಂ ಅಲಿ. 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು, ಸೋದರಮಾವ ಸಾಕಿದರು. ಬಾಲಕ ಸಲೀಂ ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಇತ್ತು. ಇದನ್ನು ತಿನ್ನಬಹುದೋ ಬಾರದೋ ಎಂಬ ಅನುಮಾನದಿಂದ ಮಾವನಿಗೆ ತೋರಿಸಿದರು. ಮಾವ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಒಂದು ಪ್ರಾಮಾಣಿಕ ಅನುಮಾನ ಒಂದು ಜೀವನದ ದಾರಿಯನ್ನೇ ತೆರೆಯಿತು.

ವಿದ್ಯಾರ್ಥಿಗಳು ಗಮನಿಸಬೇಕು: ಅವರ ಬಳಿ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಅದಕ್ಕಾಗಿ ಕೈತಪ್ಪಿದ ಕೆಲಸವೂ ಉಂಟು. ಪದವಿ ಬೇಡ ಎಂದು ನಾನು ಹೇಳುತ್ತಿಲ್ಲ, ಪೋಷಕರು ಗಾಬರಿಯಾಗಬಾರದು! ಆದರೆ ಅವರ ನೋಟ್‌ಬುಕ್ ಅವರ ಪದವಿಯಾಯಿತು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಮೈಸೂರಿನ ಒಡೆಯರಿಗೆ ಹೇಳಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂದೆ 1976ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 1987ರಲ್ಲಿ ನಿಧನರಾದರು. ಅವರ ಬಂಧು ಜಾಫರ್ ಫತೇಹಲಿ ಹಕ್ಕಿ ವೀಕ್ಷಕರಿಗಾಗಿಯೇ ಒಂದು ಸಣ್ಣ ಪತ್ರಿಕೆ ಆರಂಭಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಇಲ್ಲಿಯ ಎಷ್ಟೋ ಯುವಕರ ಕೈಗೆ ದುರ್ಬೀನು ಹಿಡಿಸಿದರು.

ಇಂದು ಈ ಕೆಲಸ ದೊಡ್ಡ ಸಂಶೋಧಕರಿಗೆ ಮಾತ್ರ ಮೀಸಲಲ್ಲ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ಸ್ವಯಂಸೇವಕರು ನೀರುಹಕ್ಕಿಗಳ ಗಣತಿ ಮಾಡುತ್ತಾರೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಮಾಹಿತಿ ಕೊಟ್ಟವರು ಸುಮಾರು 30 ಸಾವಿರ ಸಾಮಾನ್ಯ ವೀಕ್ಷಕರು: ಗೃಹಿಣಿಯರು, ನಿವೃತ್ತರು, ನಿಮ್ಮಂಥ ವಿದ್ಯಾರ್ಥಿಗಳು. ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ನೂರಕ್ಕೆ 60ರಷ್ಟು ಇಳಿಮುಖವಾಗಿವೆ. ಹೆಚ್ಚು ಕುಸಿದಿರುವವರಲ್ಲಿ ದೂರದಿಂದ ಬರುವ ಗೊರವಗಳೂ ಬಾತುಗಳೂ ಇವೆ. ಉಳಿದ ಜಾತಿಗಳ ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಬರಹವೇ ಇಲ್ಲ. ಅಂದರೆ ನನ್ನಂತೆ ನೋಡಿ ಸುಮ್ಮನಾದವರು ಬಹಳ ಮಂದಿ.

ನಿಮ್ಮಿಂದ ಏನು ಕೇಳುತ್ತೇನೆ?

ಒಂದು ನೂರು ಪುಟದ ನೋಟ್‌ಬುಕ್. ಅದರಲ್ಲಿ ತಾರೀಖು, ವೇಳೆ, ಜಾಗ, ಹಕ್ಕಿ, ಸಂಖ್ಯೆ, ಅದು ಏನು ಮಾಡುತ್ತಿತ್ತು, ಕೆರೆಯ ನೀರು ಎಲ್ಲಿಯವರೆಗೆ ಇತ್ತು. ಹೆಸರು ಗೊತ್ತಾಗದಿದ್ದರೆ ಬಣ್ಣ, ಕೊಕ್ಕು, ಕಾಲು ಬರೆದುಕೊಳ್ಳಿ, ಹೆಸರು ಊಹಿಸಬೇಡಿ. ಗುಂಪು ದೊಡ್ಡದಿದ್ದರೆ ಮೊದಲು ಹತ್ತು ಎಣಿಸಿ, ಅಂಥ ಹತ್ತುಗಳು ಎಷ್ಟಿವೆ ಎಂದು ಅಂದಾಜು ಮಾಡಿ. ಹಕ್ಕಿ ಕಾಣದ ದಿನವನ್ನೂ ಬರೆಯಿರಿ, ಅದೂ ಸಾಕ್ಷಿಯೇ. ಫೋಟೋಗಾಗಿ ಹಕ್ಕಿಯನ್ನು ಎಬ್ಬಿಸಬೇಡಿ. ಸಾವಿರಾರು ಮೈಲಿ ಹಾರಿ ಬಂದ ಅತಿಥಿ ಊಟಕ್ಕೆ ಕುಳಿತಾಗ ಎಬ್ಬಿಸುವುದು ಯಾವ ಮನೆಯ ರೀತಿಯೂ ಅಲ್ಲ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಗ್ರಂಥಾಲಯಕ್ಕೆ ಎರಡು ದುರ್ಬೀನು ಮತ್ತು ಒಂದು ದಪ್ಪ ರಿಜಿಸ್ಟರ್ ಕೊಡಿಸಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ಇಬ್ಬರು ವಿದ್ಯಾರ್ಥಿಗಳು ಯಡಿಯೂರು ಕೆರೆಗೆ ಹೋಗಿ ಬರೆಯಲಿ. ಓದು ಮುಗಿಸಿ ಹೋಗುವವರು ರಿಜಿಸ್ಟರನ್ನು ಮುಂದಿನವರಿಗೆ ಒಪ್ಪಿಸಲಿ. ಹತ್ತು ವರ್ಷ ಕಳೆದ ಮೇಲೆ ಯಾವುದೋ ಸಭೆಯಲ್ಲಿ ಯಾರೋ ಎಂಜಿನಿಯರು ಸೌಜನ್ಯದಿಂದ ‘ಯಾವ ಹಕ್ಕಿ, ಎಷ್ಟು?’ ಎಂದು ಕೇಳುತ್ತಾರೆ. ಆಗ ನಮ್ಮ ಮಕ್ಕಳಲ್ಲಿ ಒಬ್ಬಳು ಎದ್ದು ರಿಜಿಸ್ಟರನ್ನು ಮೇಜಿನ ಮೇಲಿಡಲಿ.

ಮೊದಲ ಭಾನುವಾರ ನಾನೂ ಬರುತ್ತೇನೆ.