ಹಿಮದ ನಾಡಿನಲ್ಲಿ ನಿಂಬೆ ಗಿಡ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನಿರುವ ಚಿಕಾಗೊ ನಗರದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಅಲ್ಲಿನ ಎತ್ತರದ ಕಟ್ಟಡಗಳನ್ನು ನೀವೆಲ್ಲ ಫೋನಿನಲ್ಲೇ ನೋಡಿದ್ದೀರಿ. ಆದ್ದರಿಂದ ನಾನು ಅಲ್ಲಿ ಕುಂಡದಲ್ಲಿ ಸಾಕಿರುವ ನಿಂಬೆ ಗಿಡದ ಬಗ್ಗೆ ಹೇಳುತ್ತೇನೆ. ನಮ್ಮೂರಿನ ಹಿತ್ತಲಲ್ಲಿ ನಿಂಬೆ ತಾನಾಗಿ ಬೆಳೆಯುತ್ತದೆ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೂ ಇಳಿಯಬಲ್ಲ ಊರಿನಲ್ಲಿ ಅದನ್ನು ಉಳಿಸಿಕೊಳ್ಳಲು ವಿಜ್ಞಾನ ಬೇಕು. ಆ ವಿಜ್ಞಾನದ ಬಹುಪಾಲು ನಾವು ಇದೇ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ್ದು.

ಸೇಬಿನ ಮರ ಚಳಿಗಾಲಕ್ಕೆ ಮೊದಲೇ ಎಲೆ ಉದುರಿಸಿ ನಿದ್ದೆಗೆ ಜಾರುತ್ತದೆ. ನಿಂಬೆಗೆ ಆ ಅಭ್ಯಾಸವಿಲ್ಲ. ಸುಮಾರು 13 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಲ್ಲುತ್ತದೆ, ಎಲೆ ಮಾತ್ರ ಹಸಿರಾಗಿಯೇ ಇರುತ್ತದೆ. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶದ ಪೊರೆ ಹಾಳಾಗುತ್ತದೆ. ಹಿಮ ಕರಗಿದ ಮೇಲೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತವೆ.

ಈ ಜಾತಿಯಲ್ಲಿ ಎಲ್ಲವೂ ಇಷ್ಟು ನಾಜೂಕಲ್ಲ. ಜಪಾನಿನ ಸತ್ಸುಮಾ ಕಿತ್ತಳೆ ಚಳಿಗೆ ನಿಧಾನವಾಗಿ ಒಗ್ಗಿಕೊಂಡರೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೂ ತಾಳುತ್ತದೆ. ಚೀನಾ ಮೂಲದ ಮೂರೆಲೆ ಕಿತ್ತಳೆಯಂತೂ ಎಲೆ ಉದುರಿಸಿ 20 ಡಿಗ್ರಿ ಕೆಳಗಿನ ಚಳಿಯನ್ನೂ ದಾಟುತ್ತದೆ. ಅದರ ಎಲೆ ಥೇಟ್ ನಮ್ಮ ಬಿಲ್ವಪತ್ರೆಯ ಹಾಗೆ. ನಿಂಬೆ, ಬಿಲ್ವ, ಕರಿಬೇವು ಮೂರೂ ಒಂದೇ ಸಸ್ಯಕುಟುಂಬದವು. ಮೂರೆಲೆಯ ಹಣ್ಣು ಹುಳಿ, ಕಹಿ, ಹಾಗೇ ತಿನ್ನಲಾಗದು. ಆದರೆ ಅದರ ಬೇರಿನ ಮೇಲೆ ಸಿಹಿ ಜಾತಿಯನ್ನು ಕಸಿ ಕಟ್ಟಿದರೆ ಮೇಲಿನ ಗಿಡಕ್ಕೂ ಚಳಿ ತಡೆಯುವ ಶಕ್ತಿ ಸ್ವಲ್ಪ ಹೆಚ್ಚುತ್ತದೆ.

ಚಳಿ ಎಷ್ಟು ಎಂಬುದಷ್ಟೇ ಮುಖ್ಯ, ಅದು ಯಾವಾಗ ಬಂತು ಎಂಬುದು. 1894ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಡು ಹಿಮ ಬಿತ್ತು. ಹಣ್ಣು ಹೋಯಿತು, ಮರಗಳು ಬಹಳಷ್ಟು ಉಳಿದವು. ಜನವರಿಯಲ್ಲಿ ಬಿಸಿಲು ಬಂದು ಮರಗಳು ಚಿಗುರಿದವು. ಫೆಬ್ರವರಿಯಲ್ಲಿ ಎರಡನೆಯ ಹಿಮ ಬಂದಾಗ ರಸ ತುಂಬಿ ಚಿಗುರಿ ನಿಂತಿದ್ದ ಮರಗಳೇ ಸತ್ತವು. ಎಷ್ಟೋ ರೈತರು ತೋಟ ಬಿಟ್ಟು ಊರು ಬಿಟ್ಟರು.

ಇಂದು ಅಂಥ ರಾತ್ರಿಗಳಲ್ಲಿ ಅಲ್ಲಿನ ರೈತರು ಮರಗಳ ಮೇಲೆ ನೀರು ಚಿಮುಕಿಸುತ್ತಾರೆ. ಚಳಿಯಲ್ಲಿ ನೀರು ಸುರಿಯುವುದೇ ಎಂದು ನಗಬೇಡಿ. ಒಂದು ಗ್ರಾಂ ನೀರು ಮಂಜುಗಡ್ಡೆಯಾಗುವಾಗ 80 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ. ಅದೇ ನಾವು ಓದಿದ ಗುಪ್ತೋಷ್ಣ. ನೀರು ಹೆಪ್ಪುಗಟ್ಟುತ್ತಲೇ ಇರುವವರೆಗೆ ಆ ಶಾಖ ಕೊಂಬೆಯನ್ನು ಸೊನ್ನೆಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ನಡುವೆ ನೀರು ನಿಲ್ಲಿಸಿದರೆ ಆವಿಯಾಗುವಿಕೆಯಿಂದ ಕೊಂಬೆ ಇನ್ನೂ ತಣ್ಣಗಾಗಿ, ಸುಮ್ಮನಿದ್ದದ್ದಕ್ಕಿಂತ ಹೆಚ್ಚು ಹಾನಿಯಾಗುತ್ತದೆ.

ಯುರೋಪಿನವರು ಬೇರೆ ದಾರಿ ಹಿಡಿದರು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ದೊರೆ 14ನೇ ಲೂಯಿಗಾಗಿ 1684ರಿಂದ 1686ರ ನಡುವೆ ಕಿತ್ತಳೆ ಗಿಡಗಳಿಗೆಂದೇ ಒಂದು ದೊಡ್ಡ ಮನೆ ಕಟ್ಟಿದರು. ದಪ್ಪ ಗೋಡೆ, ದಕ್ಷಿಣಕ್ಕೆ ದೊಡ್ಡ ಕಿಟಕಿಗಳು. ಮರದ ಪೆಟ್ಟಿಗೆಗಳಲ್ಲಿರುವ ಗಿಡಗಳು ಚಳಿಗಾಲದಲ್ಲಿ ಒಳಗೆ, ಬೇಸಿಗೆಯಲ್ಲಿ ಹೊರಗೆ. ಇಂದಿಗೂ ಅದೇ ಪದ್ಧತಿ.

ನಾನು ಮಾಡುವುದೂ ಅಷ್ಟೇ, ಅರಮನೆ ಇಲ್ಲ. ನನ್ನದು ಮೇಯರ್ ನಿಂಬೆ. ಫ್ರಾಂಕ್ ಮೇಯರ್ ಎಂಬ ಸಸ್ಯ ಸಂಗ್ರಾಹಕರು 1908ರಲ್ಲಿ ಚೀನಾದಿಂದ ಅಮೆರಿಕಕ್ಕೆ ತಂದ ತಳಿ. ಮೇ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೊರಗೆ, ಉಳಿದಂತೆ ಕಿಟಕಿಯ ಬಳಿ. ಅಲ್ಲೊಂದು ಸೂಕ್ಷ್ಮವಿದೆ. ಬಿಸಿಲಿಗೆ ಎಲೆ ಬೆಚ್ಚಗಾಗಿ ನೀರು ಕೇಳುತ್ತದೆ. ನೆಲದ ಮೇಲೆ ತಣ್ಣಗಾದ ಬೇರು ಕೊಡಲಾರದು. ಮಣ್ಣು ಒದ್ದೆಯಿದ್ದರೂ ಎಲೆ ಉದುರುತ್ತದೆ. ಇನ್ನಷ್ಟು ನೀರು ಹಾಕಿದರೆ ಬೇರು ಕೊಳೆಯುತ್ತದೆ. ಕುಂಡವನ್ನು ಮಣೆಯ ಮೇಲಿಟ್ಟು ಬೇರನ್ನು ಬೆಚ್ಚಗಿಡುವುದೇ ಪರಿಹಾರ.

ನಿನ್ನೆ ಊರಿನ ಒಬ್ಬ ತಾಯಿ ಕೇಳಿದರು: “ಕನ್ನಡದಲ್ಲಿ ವಿಜ್ಞಾನ ಓದಿದರೆ ಹೊರಗೆ ಹೋದಾಗ ಮಕ್ಕಳಿಗೆ ಕಷ್ಟವಾಗುವುದಿಲ್ಲವೇ?” ಅಮ್ಮಾ, ಕಷ್ಟವಾಗುತ್ತದೆ. ಇಂಗ್ಲಿಷ್ ಹೆಸರುಗಳನ್ನು ಹೊಸದಾಗಿ ಕಲಿಯಬೇಕು. ನನಗೆ ಎರಡು ವರ್ಷ ಹಿಡಿಯಿತು. ಆದರೆ ನೀರು ಹೆಪ್ಪುಗಟ್ಟುವಾಗ ಶಾಖ ಏಕೆ ಹೊರಬರುತ್ತದೆ ಎಂಬುದನ್ನು ನಾನು ಮತ್ತೆ ಕಲಿಯಬೇಕಾಗಲಿಲ್ಲ. ಅದು ಇಲ್ಲಿ ತಿಳಿದದ್ದು, ಅಲ್ಲಿಯೂ ನಿಜವೇ. ತಿಳಿಯದೆ ಬಾಯಿಪಾಠ ಮಾಡಿದ್ದರೆ ಯಾವ ಭಾಷೆಯಲ್ಲಿ ಓದಿದ್ದರೂ ಗಿಡ ಉಳಿಯುತ್ತಿರಲಿಲ್ಲ.

ನಮ್ಮ ತಂಡದವರು ಇಂದು ಶಾಲೆಗೆ ಪಾದರಸವಿಲ್ಲದ 20 ಥರ್ಮಾಮೀಟರುಗಳನ್ನು ಕೊಡುತ್ತಿದ್ದೇವೆ. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳು ಮಂಜುಗಡ್ಡೆಯ ಲೋಟದಲ್ಲಿ ಇಟ್ಟು ನೋಡಲಿ, ಕೊನೆಯ ಚೂರು ಕರಗುವವರೆಗೆ ನೀರು ಸೊನ್ನೆಯ ಹತ್ತಿರವೇ ನಿಲ್ಲುವುದನ್ನು ತಾವೇ ಕಾಣಲಿ. ಒಂದೆರಡು ಒಡೆದರೆ ಒಡೆಯಲಿ, ಮತ್ತೆ ಕಳಿಸುತ್ತೇವೆ.