ಬಾಯಿಯ ಕ್ಯಾನ್ಸರ್: ನೀಲಿ ಬೆಳಕು ತೋರುವ ನೆರಳು

ದೆಹಲಿ, ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳ ಬೀದಿಬದಿಯ ಗೋಡೆಗಳ ಮೇಲೆ ಪಾನ್ ಮತ್ತು ಗುಟ್ಕಾ ಉಗುಳಿನ ಕೆಂಪು ಕಲೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅದೇ ತಂಬಾಕು ಅಗಿಯುವವನ ಬಾಯೊಳಗೆ ಮೂಡಿಸುವ ಕಲೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಯಿಯ ಕ್ಯಾನ್ಸರ್ ಬಹುಮಟ್ಟಿಗೆ ನೋವಿಲ್ಲದೆ ಆರಂಭವಾಗುವುದರಿಂದ, ರೋಗಿ ವೈದ್ಯರ ಬಳಿಗೆ ಬರುವ ವೇಳೆಗೆ ಅದು ಬೇರೂರಿರುತ್ತದೆ. 2016–17ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡ 21.4ರಷ್ಟು ಜನ ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. 2022ರ ಅಂದಾಜಿನ ಪ್ರಕಾರ, ಆ ಒಂದೇ ವರ್ಷದಲ್ಲಿ ದೇಶದ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು.

ಈ ರೋಗವನ್ನು ತಡೆಗಟ್ಟುವ ಕಾರ್ಯದಲ್ಲಿ ನೋಯ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆಯ ಪಾತ್ರ ಮುಖ್ಯವಾದುದು. 1979ರಲ್ಲಿ ದೆಹಲಿಯಲ್ಲಿ ಕೋಶವಿಜ್ಞಾನ ಸಂಶೋಧನಾ ಕೇಂದ್ರವಾಗಿ ಆರಂಭಗೊಂಡ ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದೆ. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಆರೋಗ್ಯ ಸಿಬ್ಬಂದಿಯನ್ನು ತರಬೇತುಗೊಳಿಸುವುದು ಇದರ ಕಾರ್ಯಗಳಲ್ಲೊಂದು.

ಇಂತಹ ತಪಾಸಣೆಯ ಮೊದಲ ಸಾಧನ ಕಣ್ಣು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ತೆರಳಿ ಜನರ ಬಾಯಿಯನ್ನು ಪರೀಕ್ಷಿಸಿದರು. ಹೀಗೆ ಪರೀಕ್ಷೆ ನಡೆದ ಪ್ರದೇಶಗಳಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರ ಪೈಕಿ ಬಾಯಿಯ ಕ್ಯಾನ್ಸರಿನಿಂದ ಆಗುವ ಮರಣ ಶೇಕಡ 34ರಷ್ಟು ಕಡಿಮೆಯಾದುದು 2005ರಲ್ಲಿ ಪ್ರಕಟವಾಯಿತು.

ಆದರೆ ಕಣ್ಣಿಗೂ ಮಿತಿಯುಂಟು. ಮೇಲ್ಪದರ ಸಹಜವಾಗಿ ಕಾಣುತ್ತಿರುವಾಗಲೇ ಕೆಳಗಿನ ಜೀವಕೋಶಗಳು ಬದಲಾಗತೊಡಗಿರಬಹುದು. ಇಲ್ಲಿ ನೆರವಿಗೆ ಬರುವುದು ಪ್ರತಿದೀಪ್ತಿ. ಬ್ಯಾಂಕುಗಳಲ್ಲಿ ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿದಾಗ ಅದರ ಸಂಖ್ಯೆಗಳು ಹೊಳೆಯುವುದನ್ನು ಹಲವರು ಕಂಡಿರುತ್ತಾರೆ. ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ಮತ್ತೊಂದು ಬಣ್ಣದಲ್ಲಿ ಹೊರಸೂಸುವ ಈ ಗುಣ ಮಾನವ ಶರೀರದ ಅಂಗಾಂಶಕ್ಕೂ ಇದೆ. ಬಾಯಿಯ ಲೋಳೆಪೊರೆಯ ಮೇಲೆ ಸುಮಾರು 400ರಿಂದ 460 ನ್ಯಾನೊಮೀಟರ್ ತರಂಗಾಂತರದ ನೇರಳೆ-ನೀಲಿ ಬೆಳಕನ್ನು ಹಾಯಿಸಿ, ಸೂಕ್ತ ಶೋಧಕ ಗಾಜಿನ ಮೂಲಕ ನೋಡಿದಾಗ ಆರೋಗ್ಯಕರ ಭಾಗ ತಿಳಿಹಸಿರಾಗಿ ಹೊಳೆಯುತ್ತದೆ. ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ಹಾಗೂ ಜೀವಕೋಶಗಳ ಕೆಲವು ರಾಸಾಯನಿಕಗಳು ಈ ಹೊಳಪಿಗೆ ಕಾರಣ. ರೋಗ ತಲೆದೋರಿದಲ್ಲಿ ಕೊಲಾಜನ್‌ನ ಹೆಣಿಗೆ ಸಡಿಲಗೊಳ್ಳುತ್ತದೆ. ರಕ್ತನಾಳಗಳು ಹೆಚ್ಚಿ, ರಕ್ತವು ಬೆಳಕನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಆ ಭಾಗ ಹಸಿರಿನ ನಡುವೆ ಕಪ್ಪು ನೆರಳಿನಂತೆ ತೋರುತ್ತದೆ. ಇದಕ್ಕೆ ಬಣ್ಣ ಬಳಿಯಬೇಕಿಲ್ಲ, ಚುಚ್ಚುಮದ್ದು ಬೇಕಿಲ್ಲ, ನೋವೂ ಇಲ್ಲ.

ತಜ್ಞರಿಲ್ಲದ ಊರುಗಳಿಗೂ ಈ ವಿಧಾನವನ್ನು ಒಯ್ಯುವ ಒಂದು ಪ್ರಯತ್ನದಲ್ಲಿ ಬೆಂಗಳೂರು ಪಾಲ್ಗೊಂಡಿದೆ. ಅಲ್ಲಿನ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ ಮತ್ತು ಕೆ.ಎಲ್.ಇ. ದಂತವಿಜ್ಞಾನ ಸಂಸ್ಥೆಯ ವೈದ್ಯರು ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೊಡನೆ ಸೇರಿ, ಮೊಬೈಲ್ ಫೋನಿಗೆ ಜೋಡಿಸುವ ಉಪಕರಣವೊಂದನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಅದು ಬಿಳಿಯ ಬೆಳಕಿನಲ್ಲಿ ಒಂದು, 405 ನ್ಯಾನೊಮೀಟರ್ ಬೆಳಕಿನಲ್ಲಿ ಇನ್ನೊಂದು ಚಿತ್ರವನ್ನು ತೆಗೆಯುತ್ತದೆ. ಚಿತ್ರಗಳನ್ನು ದೂರದ ತಜ್ಞರು ನೋಡಬಹುದು. ಗಣಕವೂ ಅವನ್ನು ವಿಂಗಡಿಸಬಲ್ಲದು.

ಇಷ್ಟಾದರೂ ನೀಲಿ ಬೆಳಕಿನ ಮಾತೇ ಕೊನೆಯ ಮಾತಲ್ಲ. ಹಲ್ಲು ತಗುಲಿದ ಗಾಯ, ಉರಿಯೂತ, ಸಾಮಾನ್ಯ ಹುಣ್ಣು ಇವೂ ಕಪ್ಪಾಗಿ ಕಾಣಬಹುದು. ಆದ್ದರಿಂದ ನೆರಳು ಕಂಡೊಡನೆ ಕ್ಯಾನ್ಸರ್ ಎಂದು ಎದೆಗುಂದಬೇಕಾಗಿಲ್ಲ. ಅಂತೆಯೇ ನೆರಳು ಕಾಣಲಿಲ್ಲವೆಂದು, ವೈದ್ಯರು ಸಂಶಯಪಟ್ಟ ಮಚ್ಚೆಯನ್ನು ಕಡೆಗಣಿಸುವುದೂ ಸಲ್ಲದು. ಸಂಶಯದ ಭಾಗದಿಂದ ಚಿಕ್ಕ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯಿಂದ ಮಾತ್ರ ರೋಗ ಖಚಿತವಾಗುತ್ತದೆ. ಆ ತುಣುಕನ್ನು ಎಲ್ಲಿಂದ ತೆಗೆಯಬೇಕೆಂಬುದಕ್ಕೆ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ರೋಗದ ಅಂಚನ್ನು ಗುರುತಿಸುವುದಕ್ಕೆ ನೀಲಿ ಬೆಳಕು ದಾರಿ ತೋರಬಲ್ಲದು.

ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಖಾರ ತಿಂದರೆ ಸಹಿಸಲಾಗದ ಉರಿ ಇವುಗಳಲ್ಲಿ ಯಾವುದು ಕಂಡುಬಂದರೂ ವೈದ್ಯರನ್ನು ಕಾಣುವುದು ಅವಶ್ಯ. 30 ವರ್ಷ ಮೀರಿದವರ ಬಾಯಿಯ ತಪಾಸಣೆ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲಿ ಸೇರಿದೆ. ಹೆಚ್ಚಿನ ಚಿಕಿತ್ಸೆಗೆ ದೆಹಲಿಯಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ, ಸಮೀಪದ ಝಜ್ಜರ್ ಜಿಲ್ಲೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇವೆ. ತಂಬಾಕನ್ನು ಬಿಡಲು ನೆರವು ಬಯಸುವವರಿಗಾಗಿ 1800-11-2356 ಎಂಬ ಶುಲ್ಕರಹಿತ ದೂರವಾಣಿ ಸೇವೆಯನ್ನು 2016ರಲ್ಲಿ ದೆಹಲಿಯಲ್ಲಿ ಆರಂಭಿಸಲಾಯಿತು.

ಮೊದಲ ಹಂತದಲ್ಲೇ ಪತ್ತೆಯಾದ ರೋಗವನ್ನು ಗುಣಪಡಿಸುವ ಸಾಧ್ಯತೆ ಹೆಚ್ಚು. ತಡವಾದಲ್ಲಿ ದವಡೆಯ ಭಾಗವನ್ನೋ ನಾಲಿಗೆಯನ್ನೋ ಕಳೆದುಕೊಳ್ಳಬೇಕಾದೀತು, ಜೀವವೇ ಹೋದೀತು. ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಅದರ ಮುಂದೆ ಸಕಾಲದಲ್ಲಿ ಬಾಯಿ ತೆರೆದವರಿಗೆ ಮಾತ್ರ ಅದು ನೆರವಾದೀತು.