ಹೊಳೆಮತ್ತಿಯ ಚಕ್ಕೆ ಮತ್ತು ಹೃದಯ

ಕಾವೇರಿಯ ದಡದಲ್ಲಿ ಅಡ್ಡಾಡಿದವರು ಹೊಳೆಮತ್ತಿಯ ಮರವನ್ನು ನೋಡಿಯೇ ಇರುತ್ತಾರೆ. ಬೂದು ಬಿಳುಪಿನ ನುಣುಪಾದ ಕಾಂಡ, ಹಾಳೆಹಾಳೆಯಾಗಿ ಏಳುವ ತೊಗಟೆ, ಐದು ರೆಕ್ಕೆಗಳ ಕಾಯಿ. ತೊರೆಮತ್ತಿ, ಬಿಳಿಮತ್ತಿ ಎಂದೂ ಇದನ್ನು ಕರೆಯುವುದುಂಟು. ಸಂಸ್ಕೃತದಲ್ಲಿ ಇದೇ ಅರ್ಜುನ ವೃಕ್ಷ. 11ನೆಯ ಶತಮಾನದ ವೈದ್ಯ ಚಕ್ರಪಾಣಿದತ್ತನು ಹೃದ್ರೋಗಕ್ಕೆ ಇದರ ತೊಗಟೆಯ ಪುಡಿಯನ್ನು ತುಪ್ಪ, ಹಾಲು ಅಥವಾ ಬೆಲ್ಲದ ನೀರಿನೊಡನೆ ಕೊಡಬೇಕೆಂದು ಹೇಳಿದ್ದಾನೆ. ಗ್ರಂಥಿಗೆ ಅಂಗಡಿಗಳಲ್ಲಿ ಈ ಚಕ್ಕೆ ಇಂದಿಗೂ ದೊರೆಯುತ್ತದೆ.

ಮನೆಯಲ್ಲಿ ಹಿರಿಯರೊಬ್ಬರಿಗೆ ಎದೆನೋವು ಬಂತೆನ್ನಿ. ನೋಡಲು ಬಂದ ನೆಂಟರು, "ನಮ್ಮ ಭಾವನವರಿಗೆ ಈ ಚಕ್ಕೆಯ ಕಷಾಯದಿಂದಲೇ ಗುಣವಾಯಿತು" ಎನ್ನುತ್ತಾರೆ. ಅವರ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದೇ ತಿಂಗಳು ಭಾವನವರು ಬೀಡಿ ಬಿಟ್ಟಿದ್ದಿರಬಹುದು. ಡಾಕ್ಟರು ಕೊಟ್ಟ ಗುಳಿಗೆಯನ್ನೂ ನುಂಗುತ್ತಿದ್ದಿರಬಹುದು. ಇದಲ್ಲದೆ, ಎದೆನೋವು ತನ್ನಷ್ಟಕ್ಕೆ ತಾನೇ ಏರಿಳಿಯುವಂಥದು. ಹೀಗಿರುವಾಗ ಗುಣವಾದ ಕೀರ್ತಿ ಯಾವುದಕ್ಕೆ ಸಲ್ಲಬೇಕು?

ಇದನ್ನು ತೀರ್ಮಾನಿಸಲು ಒಂದು ಉಪಾಯವಿದೆ. ಔಷಧವನ್ನೂ, ನೋಡಲು ಅದರಂತೆಯೇ ಇದ್ದು ಒಳಗೆ ಏನೂ ಇಲ್ಲದ ಹುಸಿ ಔಷಧವನ್ನೂ ಸಿದ್ಧಮಾಡುತ್ತಾರೆ. ಯಾವುದು ಯಾರ ಪಾಲಿಗೆ ಬಂತೆಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಗುಟ್ಟು ಬೇರೆಡೆ ಭದ್ರವಾಗಿರುತ್ತದೆ. ಲೆಕ್ಕ ಮುಗಿದ ಮೇಲಷ್ಟೆ ಬಯಲಾಗುತ್ತದೆ. ರೋಗಿಯ ನಂಬಿಕೆ, ವೈದ್ಯರ ಒಲವು ಎರಡೂ ತಕ್ಕಡಿಯನ್ನು ಮುಟ್ಟದಿರಲಿ ಎಂಬುದೇ ಇದರ ಉದ್ದೇಶ.

ಹೊಳೆಮತ್ತಿಯೂ ಈ ತಕ್ಕಡಿಯನ್ನು ಹತ್ತಿತು. ಇಂದೂರಿನ ವೈದ್ಯರು 58 ಮಂದಿ ಗಂಡಸರನ್ನು ಆರಿಸಿಕೊಂಡರು. ಎಲ್ಲರೂ ಶ್ರಮಪಟ್ಟಾಗ ಎದೆನೋವು ಬರುವವರು. ಪ್ರತಿಯೊಬ್ಬರಿಗೂ ಒಂದೊಂದು ವಾರದಂತೆ ಮತ್ತಿ ತೊಗಟೆಯ ಔಷಧ, ಡಾಕ್ಟರು ಎದೆನೋವಿಗೆ ಕೊಡುವ ನೈಟ್ರೇಟ್ ಗುಳಿಗೆ, ಹುಸಿ ಔಷಧ, ಹೀಗೆ ಮೂರನ್ನೂ ಸರದಿಯಲ್ಲಿ ಕೊಟ್ಟು, ಓಡುವ ಪಟ್ಟಿಯ ಮೇಲೆ ನಡೆಸಿ ನೋಡಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿ ಔಷಧಕ್ಕಿಂತ ಮತ್ತಿಯದು ಮೇಲಾಗಿತ್ತು; ನೈಟ್ರೇಟಿಗೆ ಸರಿಸುಮಾರು ಸಮನಾಗಿತ್ತು. ಸಂತೋಷದ ಸಂಗತಿಯೇ. ಆದರೆ ಅದು ಒಂದು ವಾರದ ಮಾತು. ಹೃದಯಾಘಾತ ತಪ್ಪೀತೆ, ಆಯುಸ್ಸು ಬೆಳೆದೀತೆ ಎಂಬುದನ್ನು ಒಂದು ವಾರ ಹೇಳಲಾರದು.

ಇನ್ನೊಂದು ಪರೀಕ್ಷೆ ದೆಹಲಿಯಲ್ಲಿ ನಡೆದು 2016ರಲ್ಲಿ ಹೊರಬಂತು. ಇಲ್ಲಿದ್ದವರು ಹೃದಯದ ಬಲವೇ ಕುಗ್ಗಿದ ರೋಗಿಗಳು. ಎಂದಿನ ಔಷಧಗಳ ಜೊತೆಗೆ ಕೆಲವರಿಗೆ ತೊಗಟೆಯ ಸಾರ, ಉಳಿದವರಿಗೆ ಹುಸಿ ಔಷಧ. ಹೀಗೆ 12 ವಾರ. ಪ್ರತಿ ಬಡಿತಕ್ಕೂ ಹೃದಯ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆ ಎಂದು ಅಳೆದರು. ಹುಸಿ ಔಷಧಕ್ಕಿಂತ ಹೆಚ್ಚಿನ ಪ್ರಯೋಜನ ಈ ಅಳತೆಯಲ್ಲಿ ಕಾಣಲಿಲ್ಲ.

ಹಾಗಾದರೆ ಹಿಂದಿನವರು ತಪ್ಪಿದರೆ? ಹಾಗಲ್ಲ. ಹೃದಯದ ಕಾಯಿಲೆ ಎಂಬುದು ಒಂದೇ ಕಾಯಿಲೆಯಲ್ಲ. ಒಂದಕ್ಕೆ ಒದಗಿದ್ದು ಇನ್ನೊಂದಕ್ಕೆ ಒದಗಬೇಕೆಂಬ ನಿಯಮವಿಲ್ಲ.

ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ಗೂ ಇಂಥ ಪಾಠವೇ ದೊರಕಿತ್ತು. ಮೈ ಬಾತುಕೊಳ್ಳುವ ರೋಗಕ್ಕೆ ಮುದುಕಿಯೊಬ್ಬಳು ಗುಟ್ಟಾಗಿ ಕೊಡುತ್ತಿದ್ದ ಮದ್ದಿನ ಬಗ್ಗೆ 1775ರಲ್ಲಿ ಅವನಿಗೆ ತಿಳಿಯಿತು. ಅದರಲ್ಲಿದ್ದ ಇಪ್ಪತ್ತಕ್ಕೂ ಮಿಕ್ಕಿದ ಮೂಲಿಕೆಗಳಲ್ಲಿ ಡಿಜಿಟಾಲಿಸ್ ಗಿಡವೇ ಕೆಲಸಮಾಡುವುದೆಂದು ಅವನು ಗುರುತಿಸಿದ. ಹತ್ತು ವರ್ಷ ಪ್ರಯೋಗಿಸಿ, 1785ರಲ್ಲಿ ಗುಣವಾದವರ ಜೊತೆಗೆ ಗುಣವಾಗದವರ ವಿವರವನ್ನೂ ಅಚ್ಚುಹಾಕಿಸಿದ. ಅದೇ ಕುಲದ ಗಿಡದಿಂದ ಬಂದ ಔಷಧವನ್ನು 1997ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 6,800 ರೋಗಿಗಳ ಮೇಲೆ ನೋಡಿದಾಗ, ಸಾವು ಕಡಿಮೆಯಾಗಲಿಲ್ಲ. ಆಸ್ಪತ್ರೆ ಸೇರುವುದು ಮಾತ್ರ ಕಡಿಮೆಯಾಯಿತು.

ಪರೀಕ್ಷೆಯಿಂದ ಮೂಲಿಕೆಗೆ ಅವಮಾನವಿಲ್ಲ. ಚಿನ್ನವನ್ನು ಒರೆಗೆ ಹಚ್ಚುವುದು ಚಿನ್ನದ ಮೇಲಿನ ಸಿಟ್ಟಿನಿಂದಲ್ಲವಷ್ಟೆ. ಆದುದರಿಂದ ಎದೆಬೇನೆಯವರು ಈ ಚಕ್ಕೆಯ ಕಷಾಯ ಕುಡಿಯುವ ಮೊದಲು ವೈದ್ಯರಿಗೆ ತಿಳಿಸಿರಿ; ಅದನ್ನು ನಂಬಿ ನಿತ್ಯದ ಗುಳಿಗೆಯನ್ನು ನಿಲ್ಲಿಸಬೇಡಿರಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಒಲೆಯ ಮೇಲೆ ಚಕ್ಕೆ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿರಿ. ಆ ಹೊತ್ತಿನಲ್ಲಿ ಒಂದೊಂದು ನಿಮಿಷವೂ ಜೀವದ ಬೆಲೆಯದು.